ಫೋನ್‌ದಾಗ ಫೋಟೊ ಎಡಿಟ್ ಮಾಡಾಕ ಸ್ನ್ಯಾಪ್‌ಸೀಡ್ ಇದ್ರ ಸಾಕ್ರಿ

ಯಾವ ಆ್ಯಪ್ ಹಾಕ್ಕೋಬೇಕ್ರಿ ಅಂತ ಯಾರರ ಕೇಳಿದ್ರ ನಾ ಹೇಳೂದು ಒಂದ, ಸ್ನ್ಯಾಪ್‌ಸೀಡ್. ಹೊಸಾದೇನಲ್ಲ ಇದು, 2011ರಾಗ ನಿಕ್ ಸಾಫ್ಟ್‌ವೇರ್ ಅನ್ನೋ ಕಂಪನಿಯವ್ರು ಐಪ್ಯಾಡಿಗಂತ ಮಾಡಿದ್ದು, 2012ರಾಗ ಗೂಗಲ್ ಆ ಕಂಪನಿನ್ನ ಕೊಂಡ್ಕೊಂತು, ಅದ ವರ್ಷ ಆಂಡ್ರಾಯ್ಡಿಗೂ ಬಂತು, ಫ್ರೀನೂ ಆತು. ಇವತ್ತಿಗೂ ಫ್ರೀ ಐತಿ. ನಡುವ ಜಾಹೀರಾತಿಲ್ಲ, ಫೋಟೊ ಮೂಲ್ಯಾಗ ವಾಟರ್‌ಮಾರ್ಕ್ ಬೀಳೂದಿಲ್ಲ, ಛಲೋ ಉಪಕರಣಕ್ಕೆಲ್ಲಾ ಕೀಲಿ ಹಾಕಿ ತಿಂಗ್ಳಿಗಿಷ್ಟು ರೊಕ್ಕಾ ಕೊಡ್ರಿ ಅನ್ನೂದಿಲ್ಲ.

ಆದ್ರ ಫ್ರೀ ಅನ್ನೋ ಕಾರಣಕ್ಕ ನಾ ಇದನ್ನ ಮೆಚ್ಚೂದಲ್ಲ. ಫೋಟೊದಾಗ ಎಲ್ಲೆ ಬೇಕೋ ಅಲ್ಲೆ ಅಷ್ಟ ಕೈ ಇಡಾಕ ಬಿಡ್ತೈತಿ, ಅದಕ್ಕ ಮೆಚ್ಚೂದು. ನಮ್ಮ ಗದಗ ಕಡೆ ಲಕ್ಕುಂಡಿಗೆ ಹೋದ್ರ ಇದು ಗೊತ್ತಾಕ್ಕೈತಿ ನೋಡ್ರಿ. ಅಲ್ಲಿ ಹಳೇ ಗುಡಿಗಳ ಕಲ್ಲು ಬಳಪದ ಕಲ್ಲು, ಬೂದು ಬಣ್ಣದಾಗ ಸ್ವಲ್ಪ ಹಸಿರು ಛಾಯಾ ಇರ್ತೈತಿ, ಕಾಶಿವಿಶ್ವನಾಥ ಗುಡಿ ಬಾಗ್ಲದ ಸುತ್ತ ಕೆತ್ತನಿ ಎಷ್ಟು ಸಣ್ಣದೈತಿ ಅಂದ್ರ ಮಧ್ಯಾಹ್ನ ಬಿಸಲಾಗ ತೆಗದ್ರ ಎಲ್ಲಾ ಸಪಾಟ ಕಾಣ್ತೈತಿ, ಅದಕ್ಕ ಮುಂಜಾನೆ ಇಲ್ಲಾ ಸಂಜೀಕ ಬೆಳಕು ಅಡ್ಡ ಬೀಳುವಾಗ ಹೋಗ್ಬೇಕು. ಆವಾಗನೂ ಒಂದ್ ತೊಂದ್ರಿ ಇದ್ದ ಇರ್ತೈತಿ, ಹೊರಗ ಝಗಮಗ ಬೆಳಕು, ಬಾಗ್ಲದ ಒಳಗ ಕತ್ತಲಿ, ಫೋನು ಒಳಗಿಂದು ನೋಡಿದ್ರ ಹೊರಗ ಬೆಳ್ಳಗ ಆಕ್ಕೈತಿ, ಹೊರಗಿಂದು ನೋಡಿದ್ರ ಒಳಗ ಕರ್ರಗ. ನಾ ಮಾಡೂದು ಹಿಂಗ: ಹೊರಗಿನ ಬೆಳಕಿನ ಮ್ಯಾಲೆ ಬೆರಳಿಟ್ಟು, ಸೂರ್ಯನ ಗುರ್ತು ಬರ್ತೈತಲ್ಲ, ಅದನ್ನ ಸ್ವಲ್ಪ ಕೆಳಗ ಎಳದು ಫೋಟೊ ತೆಗೀತೀನಿ. ಒಳಗ ಕತ್ತಲಿ ಉಳಿದ್ರ ಉಳೀಲಿ, ಅದನ್ನ ಆಮ್ಯಾಲೆ ಎತ್ತಬಹುದು, ಪೂರ್ತಿ ಬೆಳ್ಳಗ ಆಗಿ ಹೋಗಿದ್ದು ಮಾತ್ರ ಯಾವ ಆ್ಯಪಿನಾಗೂ ವಾಪಸ್ ಬರೂದಿಲ್ಲ.

ಮನೀಗೆ ಬಂದು ಸ್ನ್ಯಾಪ್‌ಸೀಡಿನಾಗ ಸೆಲೆಕ್ಟಿವ್ ಅನ್ನೂದನ್ನ ತೆಗೀರಿ. ಕತ್ತಲಿ ಇರೋ ಕಂಬದ ಮ್ಯಾಲೆ ಒಮ್ಮೆ ಮುಟ್ಟಿದ್ರ ಒಂದ್ ಚುಕ್ಕಿ ಕುಂದರ್ತೈತಿ, ಎರಡು ಬೆರಳಿಲೆ ಹಿಗ್ಗಿಸಿ ಕುಗ್ಗಿಸಿದ್ರ ಎಷ್ಟು ಜಾಗಾಕ್ಕ ಹತ್ತತೈತಿ ಅನ್ನೂದು ಕೆಂಪು ಬಣ್ಣದಾಗ ಕಾಣ್ತೈತಿ. ಸುತ್ತಿನೊಳಗ ಇದ್ದದ್ದಕ್ಕೆಲ್ಲಾ ಹತ್ತೂದಿಲ್ಲ ಮತ್ತ, ಚುಕ್ಕಿ ಇಟ್ಟ ಜಾಗಾದ ಬಣ್ಣಕ್ಕ ಹೊಂದೂ ಭಾಗಕ್ಕ ಅಷ್ಟ ಹತ್ತತೈತಿ, ಹಂಗಾಗಿ ಕಂಬ ಬೆಳಗಿದ್ರೂ ಬಾಜೂಕಿನ ಆಕಾಶ ಇದ್ದಂಗ ಇರ್ತೈತಿ. ಬೆರಳು ಮ್ಯಾಲೆ ಕೆಳಗ ಸರಿಸಿದ್ರ ಬ್ರೈಟ್‌ನೆಸ್ಸು, ಕಾಂಟ್ರಾಸ್ಟು, ಸ್ಯಾಚುರೇಷನ್ನು (ಬಣ್ಣ ಎಷ್ಟು ಗಾಢ ಅನ್ನೂದು), ಸ್ಟ್ರಕ್ಚರು (ಸಣ್ಣ ಸಣ್ಣ ಅಂಚು ಎದ್ದು ಕಾಣೂದು) ಆರಿಸ್ಕೋಬಹುದು, ಎಡಕ್ಕ ಬಲಕ್ಕ ಸರಿಸಿದ್ರ ಹೆಚ್ಚು ಕಡಿಮಿ. ಇಷ್ಟ. ಲಕ್ಕುಂಡ್ಯಾಗ ಅತ್ತಿಮಬ್ಬೆ 1007ರಾಗ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗಿನ ಕಂಬಗಳನ್ನ ಹಿಂಗ ಎತ್ತಿ ನೋಡ್ರಿ, ತಿರುಗಣಿಗೆ ಹಾಕಿ ತಿರುವಿದ ಸುತ್ತುಗಳ ಒಂದೊಂದು ಅಂಚೂ ಎದ್ದು ಬರ್ತೈತಿ, ನನಗಂತೂ ಭಾಳ ಖುಷಿ ಆಕ್ಕೈತಿ.

ಇನ್ನ ಬ್ಯಾಡಗಿ ಮೆಣಸಿನಕಾಯಿ. ಹಾವೇರಿ ಜಿಲ್ಲಾಕ್ಕ ಬಂದವ್ರೆಲ್ಲಾ ಬ್ಯಾಡಗಿ ಮಾರ್ಕೆಟ್ಟಿನಾಗ ಕೆಂಪು ರಾಶಿ ಫೋಟೊ ತೆಗೀತಾರ, ತೆಗದು ಸ್ಯಾಚುರೇಷನ್ ಏರಿಸ್ತಾರ. ಅದನ್ನ ಮಾಡ್ಬ್ಯಾಡ್ರಿ! ಬ್ಯಾಡಗಿ ಕಾಯಿ ಗುರ್ತೇ ಸುಕ್ಕಲ್ಲೇನ್ರಿ, ಕೆಂಪು ಮೊದ್ಲ ತುಂಬಿರ್ತೈತಿ, ಮತ್ತಷ್ಟು ಏರಿಸಿದ್ರ ಸುಕ್ಕು ಹೋಗಿ ಬರೇ ಕೆಂಪು ಮುದ್ದಿ ಉಳೀತೈತಿ. ಟ್ಯೂನ್ ಇಮೇಜ್ ಅನ್ನೋ ಉಪಕರಣದಾಗ ಹೈಲೈಟ್ಸ್ (ಭಾಳ ಬೆಳಕಿರೋ ಭಾಗ) ಸ್ವಲ್ಪ ಇಳಿಸ್ರಿ, ಸ್ಯಾಚುರೇಷನ್ನೂ ಒಂದೀಟು ಇಳಿಸ್ರಿ, ಆಮ್ಯಾಲೆ ಡೀಟೇಲ್ಸಿನಾಗ ಸ್ಟ್ರಕ್ಚರ್ ಸ್ವಲ್ಪ ಏರಿಸ್ರಿ, ಆವಾಗ ಬ್ಯಾಡಗಿಯೊಳಗಿನ ಎರಡು ತಳಿ, ಡಬ್ಬಿ ಯಾವ್ದು ಕಡ್ಡಿ ಯಾವ್ದು ಅಂತ ನೋಡಿದ್ರ ತಿಳೀತೈತಿ.

ಭಾಳ ಮಂದಿಗೆ ಗೊತ್ತಿಲ್ಲದ್ದು ಇನ್ನೊಂದೈತಿ, ವ್ಯೂ ಎಡಿಟ್ಸ್. ನೀವು ಮಾಡಿದ ಒಂದೊಂದು ಬದಲಾವಣಿನೂ ಅಲ್ಲೆ ಸಾಲಾಗಿ ಇರ್ತೈತಿ, ಯಾವ್ದನ್ನ ಬೇಕಾದ್ರೂ ತೆಗದು ಮತ್ತ ತಿದ್ದಬಹುದು, ಇಲ್ಲಾ ಬ್ರಷ್ ತಗೊಂಡು ಬೇಕಾದ ಕಡೆ ಅಷ್ಟ ಬಳಿಬಹುದು. ಹುಬ್ಬಳ್ಳಿ ಉಣಕಲ್ ಕೆರಿ ಮ್ಯಾಲಿನ ಮೋಡಕ್ಕ ಡ್ರಾಮಾ ಫಿಲ್ಟರ್ ಹಾಕಿ, ನೀರಿಗೂ ಮಂದಿ ಮುಖಕ್ಕೂ ಹತ್ತದಂಗ ಬ್ರಷ್ಷಿಲೆ ಮೋಡ ಅಷ್ಟ ಬಳಿದ್ರ ಆತು. ರೊಕ್ಕಾ ಕೊಟ್ಟು ತಗೊಳೋ ಆ್ಯಪಿನ ಕೆಲಸ ಇದು, ಇಲ್ಲೆ ಫ್ರೀ ಸಿಗ್ತೈತಿ.

ನನಗ ಸೇರದ್ದೂ ಅದಾವು. ಎಚ್‌ಡಿಆರ್ ಸ್ಕೇಪ್ ಅನ್ನೋ ಫಿಲ್ಟರ್ ಮುಟ್ಟಿದ ಕೂಡ್ಲೆ ಗುಡಿ ಕಲ್ಲಿಗೆ ಎಣ್ಣಿ ಹಚ್ಚಿದಂಗ ಕಾಣ್ತೈತಿ, ಅದನ್ನ ಭಾಳ ಇಳಿಸಿನ ಬಳಸ್ಬೇಕು. ಹೀಲಿಂಗು ಸಣ್ಣ ಕಲೆ, ಆಕಾಶದಾಗಿನ ಕರೆಂಟಿನ ವಾಯರ್ ತೆಗ್ಯಾಕ ಛಲೋ, ಕೆತ್ತನಿ ಮುಂದ ನಿಂತ ಮನಷ್ಯಾನ್ನ ತೆಗ್ಯಾಕ ಹೋಗ್ಬ್ಯಾಡ್ರಿ, ಹಿಂದಿನ ಕಲ್ಲು ಕಲಸಿದಂಗ ಆಕ್ಕೈತಿ. ವಿಡಿಯೊ ಎಡಿಟ್ ಇದರಾಗ ಇಲ್ಲ. ಹೊಸಾದು ಬರೂದೂ ಭಾಳ ತಡ, 2025ರ ಜೂನ್ ತಿಂಗಳಾಗ ಐಫೋನಿಗೆ 3.0 ಬಂತು, ಅದರಾಗ ಹಳೇ ಫಿಲ್ಮ್ ರೋಲಿನ ಬಣ್ಣದ ಫಿಲ್ಟರ್ ಸೇರಿಸ್ಯಾರ, ಬಟನ್ನಿನ ಜಾಗಾನೂ ಬದಲಾಗ್ಯಾವು, ಹಂಗಾಗಿ ನಾ ಹೇಳಿದ ಹೆಸರು ನಿಮ್ಮ ಫೋನಿನಾಗ ಬ್ಯಾರೆ ಕಡೆ ಇರಬಹುದು, ಹುಡುಕ್ರಿ.

ನಿಮ್ಮ ಫೋನಿನ ಕ್ಯಾಮೆರಾದಾಗ ಪ್ರೊ ಮೋಡ್ ಇದ್ದು ರಾ ಫೋಟೊ (ಕ್ಯಾಮೆರಾ ಕಂಡಿದ್ದನ್ನ ಒತ್ತದ ಹಂಗ ಇಟ್ಟಿದ್ದು) ಬರೂದಿದ್ರ ಆ ಡಿಎನ್‌ಜಿ ಫೈಲೂ ಇದರಾಗ ತೆರೀತೈತಿ, ಕತ್ತಲಿ ಎತ್ತಾಕ ಜೆಪಿಜಿಕಿಂತ ಭಾಳ ಛಲೋ.

ಕಡೀಕ ಸೇವ್ ಮಾಡೂ ಮೊದ್ಲ ಸೆಟ್ಟಿಂಗ್ಸಿಗೆ ಹೋಗಿ ಜೆಪಿಜಿ ಕ್ವಾಲಿಟಿ 100ಕ್ಕ ಇಡ್ರಿ. ಮತ್ತ ವಾಟ್ಸ್ಆ್ಯಪಿನಾಗ ಕಳಸೂದಿದ್ರ ಫೋಟೊ ಅಂತ ಕಳಸಬ್ಯಾಡ್ರಿ, ಡಾಕ್ಯುಮೆಂಟ್ ಅಂತ ಕಳಸ್ರಿ, ಇಲ್ಲಾಂದ್ರ ಅದು ಫೋಟೊನ್ನ ಒತ್ತಿ ಸಣ್ಣದ ಮಾಡಿ ಕಳಸ್ತೈತಿ, ನೀವು ಎಬ್ಬಿಸಿದ ಕೆತ್ತನಿ ಅಂಚೆಲ್ಲಾ ಮತ್ತ ಮಬ್ಬ ಆಕ್ಕಾವು.