ಹೂವಿನ ಅಚ್ಚು ಸೊಗಸು, ಮಾತು ಮಾತ್ರ ನಮ್ಮದಲ್ಲ: ಕಾರ್ಡ್ ಕಿಟ್ ಜೊತೆ ಎರಡು ವರ್ಷ

ಕೈಯಲ್ಲೇ ಶುಭಾಶಯದ ಕಾರ್ಡ್ ಮಾಡುವ ಈ ಕಿಟ್ಟನ್ನು ಆನ್‌ಲೈನ್‌ನಲ್ಲಿ ತರಿಸಿ ಎರಡು ವರ್ಷ ಆಯಿತು. ಇಲ್ಲಿವರೆಗೆ 200ಕ್ಕೂ ಜಾಸ್ತಿ ಕಾರ್ಡ್ ಮಾಡಿದ್ದೇನೆ. ಇಂಕು ತಟ್ಟಿ ಕಾಗದಕ್ಕೆ ಒತ್ತುವ ಹೂವಿನ ಅಚ್ಚು, ಮಾತಿನ ಅಚ್ಚು, ಇಂಕ್ ಪ್ಯಾಡ್ ಇದರಲ್ಲಿವೆ; ಪೂರ್ತಿ ಪಟ್ಟಿ ಡಬ್ಬಿ ಮೇಲಿನ ಫೋಟೋದಲ್ಲೇ ಕಾಣುತ್ತದೆ, ಅದನ್ನು ಬಿಡೋಣ. ಫೋಟೋ ನೋಡಿದಾಗ ನನಗೆ ಹೊಳೆಯದೇ ಹೋದ ಒಂದು ಕೊರತೆಯ ಬಗ್ಗೆ ಹೇಳಬೇಕು.

ಅದರಲ್ಲಿರುವ ಮಾತಿನ ಅಚ್ಚುಗಳೆಲ್ಲ ಇಂಗ್ಲಿಷ್. ಹ್ಯಾಪಿ ಬರ್ತ್‌ಡೇ, ಥ್ಯಾಂಕ್ ಯೂ, ಇಂಥವೇ ಒಂಬತ್ತು. ನಾನು ಹೆಚ್ಚಾಗಿ ಕಾರ್ಡ್ ಮಾಡುವುದು ಸಂಕ್ರಾಂತಿಗೆ, ಎಳ್ಳಿನ ಪೊಟ್ಟಣದ ಜೊತೆ ಕೊಡಲಿಕ್ಕೆ. ದಾವಣಗೆರೆಯಲ್ಲೇ ನಲವತ್ತು ಮನೆ, ಹರಿಹರ, ಜಗಳೂರು, ಹಿರಿಯೂರು ಸೇರಿ ಇನ್ನೊಂದು ಇಪ್ಪತ್ತು. ಜಗಳೂರಿನ ದೊಡ್ಡಮ್ಮನಿಗೆ ಇಂಗ್ಲಿಷ್ ಕಾರ್ಡ್ ಕೊಟ್ಟು ಏನು ಪ್ರಯೋಜನ? ಮೊದಲ ವರ್ಷ ಅರವತ್ತಕ್ಕೂ ಪೆನ್ನಿನಲ್ಲೇ ಬರೆದೆ. ಕೈ ಸೋತುಹೋಯಿತು. ದುಡ್ಡು ಕೊಟ್ಟು ತಂದ ಒಂಬತ್ತು ಅಚ್ಚು ಹಾಳೆ ಬಿಟ್ಟು ಏಳಲೇ ಇಲ್ಲ. ಆಗ ಬಂದ ಬೇಸರಕ್ಕೆ ಎರಡೇ ಸ್ಟಾರ್ ಕೊಡಬೇಕು ಅಂದುಕೊಂಡಿದ್ದೆ.

ಕೊಡದೇ ಇದ್ದದ್ದು ಹೂವಿನ ಅಚ್ಚುಗಳಿಂದ. ಗಾಜಿನಂತೆ ಆರಪಾರ ಕಾಣುವ, ಮೆತ್ತನೆ ಪ್ಲಾಸ್ಟಿಕ್ಕಿನಂಥ ಪಾಲಿಮರ್ ಅವು. ಕೈಯಲ್ಲಿ ಹಿಡಿದು ಒತ್ತುವ ಅಕ್ರಿಲಿಕ್ ತುಂಡಿನ ಮೇಲೆ ಇಟ್ಟರೆ ಅಂಟು ಇಲ್ಲದೆ ತಾವೇ ಕಚ್ಚಿಕೊಳ್ಳುತ್ತವೆ. ಎಲ್ಲಿ ಒತ್ತುತ್ತಿದ್ದೇವೆ ಅಂತ ಮೇಲಿಂದಲೇ ಕಾಣುತ್ತದೆ. ಹೊಸದರಲ್ಲಿ ಇಂಕು ಹನಿ ಹನಿಯಾಗಿ ನಿಲ್ಲುತ್ತಿತ್ತು. ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿದ ಮೇಲೆ ಸರಿಹೋಯಿತು.

ರಾತ್ರಿ ಊಟ ಆಗಿ, ಅಡುಗೆಮನೆ ಒರೆಸಿ, ಒಂಬತ್ತರ ಹೊತ್ತಿಗೆ ಟೇಬಲ್ ಮೇಲೆ ಹಳೇ ಪೇಪರ್ ಹಾಸುತ್ತೇನೆ. ಮೊದಲ ದಿನ ಬರೀ ಕತ್ತರಿಸುವುದು, ಮಡಚುವುದು. 250 ಜಿಎಸ್‌ಎಂನ, ಅಂದರೆ ದಪ್ಪನೆಯ, ಎ4 ಹಾಳೆ ಅಡ್ಡಕ್ಕೆ ಎರಡು ಮಾಡಿದರೆ ಎರಡು ಕಾರ್ಡ್. ರೀಫಿಲ್ ಮುಗಿದ ಬಾಲ್ ಪೆನ್ನನ್ನು ಸ್ಕೇಲ್ ಪಕ್ಕ ಒತ್ತಿ ಎಳೆದು ಆಮೇಲೆ ಮಡಚಬೇಕು, ಇಲ್ಲದಿದ್ದರೆ ಮಡಿಕೆ ಬಿರಿಯುತ್ತದೆ. ಹಾಳೆಯನ್ನು ಎರಡೂ ಕಡೆಗೆ ಸುಮ್ನೆ ಬಗ್ಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ಮಡಿಕೆ ಬರಬೇಕು. ಎರಡನೇ ದಿನ ಚಿತ್ತಾರದ ಕಾಗದ. ಆರು ಇಂಚಿನ ಚೌಕದ ಹಾಳೆಯನ್ನು ಇಡೀ ಕಾರ್ಡಿಗೆ ಹಚ್ಚಿದರೆ ಒಂದಕ್ಕೆ ಒಂದು ಮುಗಿದುಹೋಗುತ್ತದೆ. ನಾನು 5 ಸೆಂಟಿಮೀಟರಿನ ಪಟ್ಟಿ ಮಾಡುತ್ತೇನೆ, ಒಂದು ಹಾಳೆಗೆ ಮೂರು. 24 ಹಾಳೆಯ ಪ್ಯಾಡಿನಲ್ಲಿ 72 ಕಾರ್ಡ್. ಪಟ್ಟಿ ಎಡಕ್ಕೆ, ಬಲಕ್ಕೆ ಬಿಳಿ ಜಾಗ. ಅಲ್ಲಿ ಮೂರನೇ ದಿನ ಹೂವು ಕೂರುತ್ತದೆ.

ಆ ಮೂರನೇ ರಾತ್ರಿಗೆ ನಾನು ಕಾಯುತ್ತೇನೆ. ಇಂಕ್ ಪ್ಯಾಡಿಗೆ ತಟ್ಟುವುದು, ಒತ್ತುವುದು, ಎತ್ತುವುದು. ಹಾಳೆ ಅಚ್ಚಿನಿಂದ ಬಿಡುವಾಗ ಸಣ್ಣಗೆ ಚಟ್ ಅನ್ನುತ್ತದೆ. ಮಂಚದ ಮೇಲೆಲ್ಲ ಕಾರ್ಡ್ ಹರಡಿ ಒಣಗಲು ಬಿಟ್ಟರೆ ಅಣ್ಣನ ಮಗಳು ಎಣಿಸುತ್ತಾ ಓಡಾಡುತ್ತಾಳೆ.

ಮಾತಿನ ಕೊರತೆಗೆ ದಾರಿ ಸಿಕ್ಕಿದ್ದು ನಮ್ಮೂರಲ್ಲೇ. ಆಫೀಸಿಗೆ ಸೀಲ್ ಮಾಡಿಕೊಡುವ ಪುಟ್ಟ ಅಂಗಡಿಗೆ ಹೋಗಿ, ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಅಂತ ಬರೆದ ಚೀಟಿ ಕೊಟ್ಟೆ. ಅಂಗಡಿಯವರು ಎರಡು ಸಲ ಓದಿದರು.

‘ಕೆಳಗೆ ಹುದ್ದೆ ಏನು ಹಾಕ್ಲಿ ಮೇಡಂ?’

‘ಹುದ್ದೆ ಏನೂ ಬ್ಯಾಡ್ರಿ, ಹಬ್ಬಕ್ಕೆ.’

ನಕ್ಕು, ಚೀಟಿಯನ್ನು ಕಂಪ್ಯೂಟರ್ ಪಕ್ಕ ಇಟ್ಟುಕೊಂಡರು. ಮೊದಲ ಸೀಲ್ ಹಾಳಾಯಿತು. ತಪ್ಪು ನನ್ನದೇ, ಅಕ್ಷರ ಚಿಕ್ಕದಾಗಿರಲಿ ಅಂದವಳು ನಾನು. ಈ ಮಾತಿನ ತುಂಬ ಒತ್ತಕ್ಷರ, ಅಲ್ವಾ? ‘ಳ್ಳು’, ‘ಲ್ಲ’, ‘ಳ್ಳೆ’ ಮೂರರಲ್ಲೂ ಒತ್ತಿನ ಸುಳಿಯೊಳಗೆ ಇಂಕು ತುಂಬಿ ಕರೀ ಚುಕ್ಕೆಯಾಯಿತು. ಎರಡನೇ ಸಲ ಅವರೇ ತೆಳು ಗೆರೆಯ ಅಕ್ಷರ ಆರಿಸಿ, ಎರಡು ಸಾಲು ಮಾಡಿ, ಸಾಲಿನ ನಡುವೆ ಜಾಗ ಬಿಟ್ಟರು. ಸೀಲನ್ನು ಪ್ಯಾಡಿಗೆ ಒತ್ತಬೇಡಿ, ಪ್ಯಾಡನ್ನೇ ತಿರುಗಿಸಿ ಸೀಲಿನ ಮೇಲೆ ಹಗುರಕ್ಕೆ ತಟ್ಟಿ ಅಂದರು. ಆ ಒಂದು ಮಾತಿಗೆ ಒತ್ತುಗಳೆಲ್ಲ ಬಿಡಿಸಿಕೊಂಡವು. ಮರದ ಹಿಡಿಯ ಸೀಲ್ ಆದ್ದರಿಂದ ಕೆಳಗೆ ಏನೂ ಕಾಣುವುದಿಲ್ಲ. ಅದಕ್ಕೆ ಎಲ್ ಆಕಾರದ ರಟ್ಟಿನ ತುಂಡು ಇಟ್ಟು, ಮೂಲೆಗೆ ಸೀಲ್ ತಾಗಿಸಿ ಒತ್ತುತ್ತೇನೆ. ಕಾರ್ಡಿನ ಕೆಳಗೆ ಹಳೇ ಮೌಸ್ ಪ್ಯಾಡ್ ಇದ್ದರೆ ಅಂಚಿನ ಅಕ್ಷರವೂ ಪೂರ್ತಿ ಬೀಳುತ್ತದೆ.

ಕಿಟ್ಟಿನ ಇಂಕ್ ಪ್ಯಾಡ್ ಅಷ್ಟಕ್ಕಷ್ಟೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಒಣಗಿ ಹೋಯಿತು. ಈಗಿನದನ್ನು ಬೋರಲು ಇಡುತ್ತೇನೆ, ಇಂಕು ಮೇಲ್ಮೈಯಲ್ಲೇ ನಿಲ್ಲುತ್ತದೆ. ಪಾಲಿಮರ್ ಅಚ್ಚುಗಳನ್ನು ಕಿಟಕಿ ಹತ್ತಿರ ಇಡಬೇಡಿ, ಬಿಸಿಲಿಗೆ ಹಳದಿಯಾಗುತ್ತವೆ. ಧೂಳು ಕೂತು ಕಚ್ಚುವುದು ಕಡಿಮೆಯಾದರೆ ಸೋಪಿನ ನೀರಲ್ಲಿ ತೊಳೆದು ಗಾಳಿಗೆ ಆರಿಸಿದರೆ ಸಾಕು.

ಖರ್ಚು ನನಗೆ ಕಾರ್ಡಿಗೆ ಹತ್ತು ರೂಪಾಯಿ ಒಳಗೇ ಬಿದ್ದಿದೆ, ಕವರ್ ಸೇರಿ. ಅಂಚೆಗೆ ಹಾಕುವಾಗ 20 ಗ್ರಾಂ ಒಳಗಿದ್ದರೆ 5 ರೂಪಾಯಿ ಚೀಟಿ ಸಾಕು, ನನ್ನ ಕಾರ್ಡ್ ದಾಟುವುದಿಲ್ಲ. ಆದರೆ ಮಣಿ, ದಪ್ಪ ರಿಬ್ಬನ್ ಅಂಟಿಸಿದರೆ ತೂಕ ನೋಡಿಕೊಳ್ಳಿ.

ಈಗ ತರಿಸುವವರಾದರೆ ಮಾತಿರುವ ದೊಡ್ಡ ಕಿಟ್ ಬೇಡ, ಬರೀ ಹೂವು ಎಲೆಯ ಚಿಕ್ಕ ಸೆಟ್ ತಗೊಳ್ಳಿ. ಉಳಿದ ದುಡ್ಡಿಗೆ ನಿಮ್ಮೂರಲ್ಲೇ ಒಂದು ಸೀಲ್ ಮಾಡಿಸಿ. ಹೂವಿಗೆ ನಾಲ್ಕು ಸ್ಟಾರ್, ಮಾತಿಗೆ ಒಂದು.

ಮೊನ್ನೆ ದೊಡ್ಡಮ್ಮನ ಮನೆಗೆ ಹೋದಾಗ ಈ ಸಂಕ್ರಾಂತಿಯ ಕಾರ್ಡ್ ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿಗೆ ಒರಗಿಸಿ ಇಟ್ಟಿದ್ದರು. ಯುಗಾದಿಗೆ ಹೊಸ ಸಾಲು ಬರೆದುಕೊಟ್ಟು ಬಂದಿದ್ದೇನೆ. ಅಂಗಡಿಯವರು ಮಂಗಳವಾರ ಬನ್ನಿ ಅಂದಿದ್ದಾರೆ. ಈ ಸಲ ಹುದ್ದೆ ಕೇಳಲಿಲ್ಲ.