ಕ-ಖ-ಗ ಸಾಲೋ, ರ-ಗ-ಸ-ದ-ಅ ಸಾಲೋ?

ಕಲಬುರಗಿಯಲ್ಲಿ ಉರ್ದು ಮನೆಮಾತಿನ ಮಗುವಿಗೆ ಕನ್ನಡ ಕಲಿಸಲು ಹೊರಟಿದ್ದೀರಾ? ಬರವಣಿಗೆ ಬೇಗ ಬರಬೇಕಾದರೆ ಅಕ್ಷರಗಳ ಆಕಾರ ಹಿಡಿದು ಸಾಗುವ ರ, ಗ, ಸ, ದ, ಅ ಕ್ರಮ ಸುಲಭ. ಉಚ್ಚಾರಣೆಯ ಮಾತು ಬಂದರೆ ನನ್ನ ಒಲವು ಕ-ಖ-ಗ ಎಂದು ಸಾಗುವ ವರ್ಗಾಕ್ಷರಗಳ ಕಡೆಗೇ. ಆ 25 ವ್ಯಂಜನಗಳು ಬಾಯಿಯ ನಕ್ಷೆಯಂತಿವೆ: ನಾಲಿಗೆಯ ಹಿಂಭಾಗ ಮೃದು ಅಂಗುಳಕ್ಕೆ ತಾಗಿದರೆ ಕ, ತುದಿ ಹಲ್ಲಿಗೆ ತಾಗಿದರೆ ತ, ತುಟಿಗಳು ಕೂಡಿ ಬಿಟ್ಟರೆ ಪ. ಮಗುವಿನ ಬೆರಳನ್ನು ಗಂಟಲ ಮೇಲಿರಿಸಿ ಪ, ಬ ಹೇಳಿಸಿ. ಬ ಎನ್ನುವಾಗ ಕಂಪನ ಬೇಗ ಸಿಗುತ್ತದೆ. ಖ ಎಂದರೆ ಬಾಯಿಯ ಮುಂದೆ ಹಿಡಿದ ಅಂಗೈಗೆ ಉಸಿರು ಬಡಿಯುತ್ತದೆ. ಎಷ್ಟು ಚೆಂದದ ಪಾಠ!

ಯಾವ ಸಾಲನ್ನು ಆರಿಸಿಕೊಂಡರೂ ಳಕಾರಕ್ಕೆ ಬೇರೆಯೇ ಸಮಯ ಕೊಡಿ. ಉರ್ದುವಿನಲ್ಲಿ ಅದಿಲ್ಲ. ಳ ಎನ್ನುವಾಗ ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಲು ತೋರಿಸಿ, ಹಲ್ಲಿ, ಹಳ್ಳಿ ಎಂದು ಮತ್ತೆ ಮತ್ತೆ ಹೇಳಿಸಿ.