ಚೆಸ್ ಎಂಜಿನ್: ಯಾವ ನಡೆಗೆ ಇನ್ನಷ್ಟು ಆಳ?

ಸ್ವಂತ ಚೆಸ್ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ಬರೆಯುತ್ತಿದ್ದರೆ, ಕೆಲವು ನಡೆಗಳನ್ನು ಇನ್ನಷ್ಟು ಮುಂದಕ್ಕೆ ನೋಡಿಸುವ ಎಕ್ಸ್‌ಟೆನ್ಶನ್‌ಗಳಲ್ಲಿ ಮೊದಲು ಚೆಕ್ ಎಕ್ಸ್‌ಟೆನ್ಶನ್ ಹಾಕಿ. ಸಿಂಗ್ಯುಲರ್ ಆಮೇಲೆ. ರೀಕ್ಯಾಪ್ಚರ್ ಬಿಟ್ಟರೂ ನಡೆಯುತ್ತದೆ. ಹಾಸನದ ಮನೆಯಲ್ಲಿ ಹಳೇ ಲ್ಯಾಪ್‌ಟಾಪಿನ ಮೇಲೆ ಮೂರನ್ನೂ ರಾತ್ರಿಯಿಡೀ ಒಂದರ ಎದುರು ಒಂದು ಆಡಿಸಿ ನೋಡಿ ಹೇಳುತ್ತಿರುವ ಮಾತಿದು. (ಮಳೆಗಾಲವಾದರೆ ಪ್ರತಿ ಆಟದ ಫಲಿತಾಂಶವನ್ನೂ ಆಗಿಂದಾಗಲೇ ಫೈಲಿಗೆ ಬರೆಸಿ. ನಮ್ಮ ಕಡೆ ಕರೆಂಟನ್ನು ನಂಬೋ ಹಾಗಿಲ್ಲ.)

ಎಂಜಿನ್ ಎಷ್ಟು ನಡೆ ಮುಂದಕ್ಕೆ ನೋಡಿದರೂ ಎಲ್ಲೋ ಒಂದು ಆಳಕ್ಕೆ ನಿಲ್ಲಲೇಬೇಕು. ಅದರಾಚೆಯ ಅಪಾಯ ಅದಕ್ಕೆ ಕಾಣುವುದಿಲ್ಲ. ಕಪ್ಪು ಒಂಟೆ ಎಚ್2ರ ಕಾಲಾಳನ್ನು ಹೊಡೆದಿದೆ, ಬಿಳಿ ಜಿ3ಕ್ಕೆ ಕಾಲಾಳು ತಳ್ಳಿ ದಾರಿ ಮುಚ್ಚಿದೆ ಅಂದುಕೊಳ್ಳಿ. ಒಂಟೆ ಹೋದ ಹಾಗೇ. ನನ್ನ ಎಂಜಿನ್ ಮಾತ್ರ ಆನೆಯಿಂದ ಸುಮ್ನೆ ಒಂದು ಚೆಕ್ ಕೊಡುತ್ತದೆ, ಕಾಲಾಳು ಬಲಿಕೊಟ್ಟು ಇನ್ನೊಂದು ಚೆಕ್ ಕೊಡುತ್ತದೆ. ಒಂಟೆ ಸಾಯುವುದು ಲೆಕ್ಕದಾಚೆ ಹೋಯಿತು, ಅದಕ್ಕೆ ಸಮಾಧಾನ! ಕೊನೆಗೆ ಒಂಟೆಯೂ ಇಲ್ಲ, ಕಾಲಾಳೂ ಇಲ್ಲ. ಕಂಪ್ಯೂಟರ್ ಚೆಸ್ ಸಂಶೋಧಕ ಹ್ಯಾನ್ಸ್ ಬರ್ಲಿನರ್ 1973ರಲ್ಲೇ ಬರೆದ ಹಾರಿಜನ್ ಎಫೆಕ್ಟ್ ಅಂದರೆ ಇದೇ.

ಚೆಕ್ ಎಕ್ಸ್‌ಟೆನ್ಶನ್ ಒಂದೇ ಸಾಲಿನ ಕೋಡು. ರಾಜನಿಗೆ ಚೆಕ್ ಬಿದ್ದಿದ್ದರೆ ಆಳ ಒಂದು ಪ್ಲೈ (ಒಬ್ಬರ ಒಂದು ನಡೆ) ಹೆಚ್ಚಿಸುವುದು, ಅಷ್ಟೇ. ಚೆಕ್‌ಗೆ ಉತ್ತರಗಳು ಕಡಿಮೆ ಇರುವುದರಿಂದ ಖರ್ಚೂ ಜಾಸ್ತಿಯಿಲ್ಲ. ಮೇಲಿನ ಥರದ ಆಟಗಳಲ್ಲಿ ಚೆಕ್ ಕೊಟ್ಟು ಕಾಲ ತಳ್ಳುವ ಚಾಳಿ ಬಹುಮಟ್ಟಿಗೆ ನಿಂತಿತು. ತೊಂದರೆ ಇರುವುದು ಮಂತ್ರಿಗಳಷ್ಟೇ ಉಳಿದ ಕೊನೆಯಾಟದಲ್ಲಿ. ಚೆಕ್ ಮೇಲೆ ಚೆಕ್ ಬಿದ್ದು ಹುಡುಕಾಟ ಮುಗಿಯುವುದೇ ಇಲ್ಲ. ಮೂಲ ಆಳದ ಎರಡರಷ್ಟು ದಾಟಬಾರದು ಅಂತ ಮಿತಿ ಹಾಕಿದರೆ ಸರಿಹೋಗುತ್ತದೆ.

ರೀಕ್ಯಾಪ್ಚರ್, ಅಂದರೆ ಹೊಡೆದದ್ದಕ್ಕೆ ಅದೇ ಮನೆಯಲ್ಲಿ ತಿರುಗಿ ಹೊಡೆದರೆ ಆಳ ಹೆಚ್ಚಿಸುವುದು. ಹೊಡೆದಾಟ ತಣ್ಣಗಾಗುವವರೆಗೆ ನೋಡುವ ಕೆಲಸವನ್ನು ತುದಿಯಲ್ಲಿ ಕ್ವಯಸೆನ್ಸ್ ಸರ್ಚ್ ಹೇಗೂ ಮಾಡುತ್ತದೆ, ಅಲ್ವಾ? ನನ್ನಲ್ಲಿ ವೇಗ ಕುಗ್ಗಿತು, ಆಟ ಸುಧಾರಿಸಲಿಲ್ಲ. ತೆಗೆದುಹಾಕಿದೆ.

ನಿಜವಾದ ರುಚಿ ಇರುವುದು ಸಿಂಗ್ಯುಲರ್‌ನಲ್ಲಿ. ಡೀಪ್ ಥಾಟ್ ಎಂಬ ಚೆಸ್ ಕಂಪ್ಯೂಟರ್ ಕಟ್ಟಿದ ಅನಂತರಾಮನ್, ಕ್ಯಾಂಪ್‌ಬೆಲ್, ಶು ಇದನ್ನು 1988ರಲ್ಲಿ ವಿವರಿಸಿದರು. ಈಗಿನ ಸ್ಟಾಕ್‌ಫಿಶ್ ಎಂಜಿನ್‌ನಲ್ಲಿರುವುದು ಹ್ಯಾಶ್ ಟೇಬಲ್ (ಮೊದಲೇ ನೋಡಿದ ಸ್ಥಿತಿಗಳ ಅಂಕ, ನಡೆ ಕೂಡಿಡುವ ಪಟ್ಟಿ) ನೆಚ್ಚಿಕೊಂಡ ರೂಪ, ನಾನು ಹಾಕಿದ್ದೂ ಅದನ್ನೇ. ಹ್ಯಾಶ್‌ನಲ್ಲಿರುವ ಒಳ್ಳೆಯ ನಡೆಯನ್ನು ಪಕ್ಕಕ್ಕಿಟ್ಟು, ಮಿಕ್ಕವನ್ನು ಅರ್ಧ ಆಳಕ್ಕೆ ನೋಡಬೇಕು. ಆ ನಡೆಯ ಅಂಕಕ್ಕಿಂತ ಸ್ವಲ್ಪ ಕೆಳಗೆ ಒಂದು ಗೆರೆ ಇಟ್ಟುಕೊಂಡಿರುತ್ತೇವೆ. ಮಿಕ್ಕ ಯಾವುದೂ ಆ ಗೆರೆ ಮುಟ್ಟದಿದ್ದರೆ ಇಡೀ ಆಟ ಆ ಒಂದು ನಡೆಯ ಮೇಲೆ ನಿಂತಿದೆ ಅಂತ ಅರ್ಥ. ಅದಕ್ಕೆ ಇನ್ನೊಂದು ಪ್ಲೈ.

ಟೇಬಲ್ ಚಿಕ್ಕದಿದ್ದಾಗ ಇದು ದಂಡ. ಪರೀಕ್ಷೆ ಮಾಡುವುದರಲ್ಲೇ ಸಮಯ ಕಳೆದು, ಬ್ಲಿಟ್ಜ್ (ಕೆಲವೇ ನಿಮಿಷಗಳ) ಆಟಗಳಲ್ಲಿ ಚೆಕ್ ಮಾತ್ರ ಇದ್ದ ರೂಪದ ಕೈಯಲ್ಲೇ ಸೋಲುತ್ತಿತ್ತು. ಟೇಬಲ್ ದೊಡ್ಡದು ಮಾಡಿ, ಇನ್ನೂ ಕನಿಷ್ಠ 8 ಪ್ಲೈ ಬಾಕಿ ಇರುವಲ್ಲಿ ಮಾತ್ರ ಹಚ್ಚಿದ ಮೇಲೆ ಲೆಕ್ಕ ತಿರುಗಿತು. ನಿಧಾನದ ಆಟದಲ್ಲಿ, ಒಂದೇ ನಡೆಯಿಂದ ಬಚಾವಾಗುವ ರಕ್ಷಣೆಗಳಲ್ಲಿ, ಇದರ ಮುಂದೆ ಮಿಕ್ಕೆರಡೂ ಸಪ್ಪೆ.

ಹಾಕುವಾಗ ಎರಡು ಕಡೆ ಹುಷಾರು. ಪಕ್ಕಕ್ಕಿಟ್ಟು ಹುಡುಕುವಾಗ ಅದೇ ಸ್ಥಿತಿಯ ಹ್ಯಾಶ್ ಅಂಕವನ್ನು ಬಳಸಬೇಡಿ. ಬಳಸಿದರೆ ಹಳೆಯ ಉತ್ತರವೇ ತಿರುಗಿ ಬರುತ್ತದೆ. ಚೆಕ್‌ಗೆ ಆಗಲೇ ಆಳ ಕೊಟ್ಟಿದ್ದರೆ ಅದೇ ನಡೆಗೆ ಸಿಂಗ್ಯುಲರ್‌ದೂ ಸೇರಿಸಬೇಡಿ.